ಬದುಕಿತು ಎಂದು ಬರೆಯುವ ಮುನ್ನ

ಕೂತುಕೋ ಮಗಳೇ, ಆ ಯಂತ್ರವನ್ನು ಇಲ್ಲಿಡು.
ಕೆಂಪು ದೀಪ ಹತ್ತಿದರೆ ಕೇಳಿಸಿಕೊಳ್ಳುತ್ತಿದೆ ಎಂದು ತಾನೆ?
ಹಾಗಾದರೆ ಅದಕ್ಕೂ ಒಂದು ಬಟ್ಟಲು ಚಹಾ.

ನನ್ನ ಹೆಸರು ಉಲ್ಬೋಸಿನ್. ‘ಗಂಡಾಗಲಿ’ ಎಂದರ್ಥ.
ನಾಲ್ಕು ಹೆಣ್ಣಾದ ಮೇಲೆ ಐದನೆಯದಕ್ಕೆ ಇಟ್ಟದ್ದು,
ನನ್ನ ಕರೆಯಲಿಕ್ಕಲ್ಲ, ಹಿಂದೆ ಬರಬೇಕಾದವನನ್ನು ಕರೆಯಲಿಕ್ಕೆ.
ಹುಟ್ಟಿದಾಗ ಅಳಲಿಲ್ಲವಂತೆ. ಮೈಯೆಲ್ಲ ನೇರಳೆ.
ಸೂಲಗಿತ್ತಿ ಕಾಲು ಹಿಡಿದು ತಲೆಕೆಳಗು ಮಾಡಿ
ದಂಡೆಗೆ ಓಡಿದಳು, ಆಗ ಹದಿನೆಂಟು ಹೆಜ್ಜೆ ಅಷ್ಟೆ,
ಅರಲ್ ಸಮುದ್ರದಲ್ಲಿ ಒಮ್ಮೆ ಅದ್ದಿ ತೆಗೆದಳು. ಏಪ್ರಿಲ್ ತಿಂಗಳ ನೀರು.
ಸಿಟ್ಟಿಗೇ ಉಸಿರು ಬಂತು ನನಗೆ.
ಅವ್ವ ಸಾಯುವ ತನಕ ಹೇಳುತ್ತಿದ್ದಳು:
ನಿನ್ನ ಜೀವ ಆ ಉಪ್ಪುನೀರು ಕೊಟ್ಟ ಸಾಲ.

ಆಮೇಲೆ ಸಾಲ ಕೊಟ್ಟವನೇ ಊರು ಬಿಟ್ಟ.
ಒಂದು ವರ್ಷ ದೋಣಿಕಟ್ಟೆ ಒಣಗಿತು,
ಮರುವರ್ಷ ಕಾಲುವೆ ತೋಡುತ್ತ ನೀರಿನ ಬೆನ್ನು ಹಿಡಿದೆವು,
ಅದರ ಮರುವರ್ಷ ಕಾಲುವೆಯೂ ಸೋತು ಕೂತಿತು.
ಡಬ್ಬಿ ಕಾರ್ಖಾನೆಗೆ ಮೀನು ರೈಲಿನಲ್ಲಿ ಬರತೊಡಗಿತು,
ಯಾವ ದೂರದ ಕಡಲಿನದೋ, ಇಟ್ಟಿಗೆಯ ಹಾಗೆ ಹೆಪ್ಪುಗಟ್ಟಿ.
ಹನ್ನೊಂದು ವರ್ಷ ಕೊಯ್ದೆ. ಒಂದರ ಹೆಸರೂ ಗೊತ್ತಿರಲಿಲ್ಲ.
ಒಂಟೆಗಳು ಹಡಗಿನ ನೆರಳಲ್ಲಿ ಮಲಗುವುದನ್ನು ಕಲಿತವು.

ಟೊಕ್ತಾರ್ ನನ್ನ ಗಂಡ. ‘ನಿಲ್ಲುತ್ತಾನೆ’ ಎಂದು ಆ ಹೆಸರಿಗೆ,
ಮುಂಚಿನವು ಉಳಿಯದ ಮನೆಯಲ್ಲಿ ಇಡುತ್ತಾರೆ.
ಉಪ್ಪಿನ ಧೂಳು ಅವನ ಎದೆಯಲ್ಲಿ ಮನೆ ಮಾಡಿತು.
ಕಿಜಿಲೊರ್ದಾ ಆಸ್ಪತ್ರೆಯಲ್ಲಿ ಮೀಸೆ ಮೂಡದ ವೈದ್ಯ
ಹಿಟ್ಟು ನಾದಿದ ಹಾಗೆ ಅವನ ಎದೆ ಒತ್ತಿ ಒತ್ತಿ
ಎರಡು ಸಲ ವಾಪಸು ತಂದ.
ಮೊದಲ ಸಲ ಹೋದ ಜೀವ ಬಂದದ್ದು ಅವನಿಗಲ್ಲ, ನನಗೆ.
ಎರಡನೆಯ ಸಲ ಕಣ್ಣು ತೆರೆದು ಕೇಳಿದ:
ನೀರು ಎಲ್ಲಿಯವರೆಗೆ ಬಂದಿದೆ?
ಮೂರನೆಯ ಸಲ ನಾನೇ ವೈದ್ಯನ ಕೈ ಹಿಡಿದುಕೊಂಡೆ.
ಇದನ್ನೂ ಬರೆದುಕೋ. ಅಥವಾ ಬೇಡ.

ಹೌದು, ಒಡ್ಡು ಕಟ್ಟಿದರು. ಉತ್ತರದ ಪಾಲಿಗೆ ನೀರು ನಿಂತಿತು.
ತೆಂಕಣ ಪಾಲನ್ನು ಬಿಟ್ಟುಕೊಟ್ಟರು,
ಅವಳಿಗಳಲ್ಲಿ ಒಂದಕ್ಕೇ ಹಾಲು ಸಾಲುವುದೆಂದು.
ಮೊಮ್ಮಗ ಬೆಕ್ಸುಲ್ತಾನ್ ಬಕೆಟ್ಟಿನಲ್ಲಿ ಒಂದು ಸಾಜನ್ ತಂದ.
ಬಾಯಿ ತೆರೆಯುವುದು, ಮುಚ್ಚುವುದು, ತೆರೆಯುವುದು.
ಹತ್ತಿರ ಕೂತು ಬಹಳ ಹೊತ್ತು ನೋಡಿದೆ.
ಅದಕ್ಕೆ ನನ್ನ ಗುರುತಿರಲಿಲ್ಲ.
ಹುರಿದು ತಿಂದೆವು. ರುಚಿಯಾಗಿತ್ತು, ಅಳು ಬರುವಷ್ಟಲ್ಲ.

ಬಲೆ ಹೆಣೆಯಲು ಕಲಿಸು ಎಂದ ಹುಡುಗ.
ಮರೆತಿದ್ದೇನೆ ಎಂದೆ, ಸುಳ್ಳಲ್ಲ, ನಲವತ್ತು ವರ್ಷ.
ಸುಮ್ಮನೆ ನೂಲನ್ನು ಕೈಗಿಟ್ಟು ಹೊರಗೆ ಹೋದ.
ಬೆರಳು ನನ್ನನ್ನು ಒಂದು ಮಾತೂ ಕೇಳದೆ
ಸುತ್ತಿ, ತೂರಿಸಿ, ಮೊದಲ ಗಂಟು ಹಾಕಿ
ಬಿಗಿಯಲೆಂದು ಹಲ್ಲಿಗೆ ಒಯ್ದಿತು.
ಅಲ್ಲಿ ಹಲ್ಲಿಲ್ಲವೆಂಬ ಸುದ್ದಿ
ಪಾಪ, ಅದಕ್ಕಿನ್ನೂ ಮುಟ್ಟಿರಲಿಲ್ಲ.

ಈಗ ಹೇಳು, ಬದುಕಿತು ಎಂದು ನೀನು ಬರೆಯುವುದು ಯಾವುದನ್ನು?
ನೀರು ಇಲ್ಲಿಂದ ಹದಿನೇಳು ಕಿಲೋಮೀಟರು. ಅಲ್ಲೇ ನಿಂತಿದೆ.
ಹುಡುಗ ಜೀಪಿನಲ್ಲಿ ಕರೆದೊಯ್ಯುತ್ತೇನೆ ಎನ್ನುತ್ತಾನೆ.
ಇನ್ನೂ ಹೋಗಿಲ್ಲ. ಸಾಲ ಕೊಟ್ಟವನು
ಬಡವನಾಗಿ ಮರಳಿದಾಗ
ಏನೆಂದು ಮಾತಾಡಿಸುವುದು ಅವನನ್ನು?

ಅಯ್ಯೋ, ನಿನ್ನ ಚಹಾ ಆರಿಹೋಯಿತಲ್ಲ.
ತಾ ಇಲ್ಲಿ, ಬೂದಿ ಕೆದಕಿದರೆ ಕೆಂಡ ಇದ್ದೀತು.